ಶ್ರೇಯಾಂಕವನ್ನು ಬದಿಗಿಟ್ಟು ಅದರ ಅಡಿಯ ಅಂಕಿಗಳನ್ನು ಓದಿದ ಬಗೆ

ತಿಪಟೂರು ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಬೋಧಿಸುವ ನಾನು 2017ರಿಂದ ಪ್ರತಿ ವರ್ಷ ನಮ್ಮ ಮಕ್ಕಳ ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದಕ್ಕೆ, ನೆರವಾಗುತ್ತಾ ಬಂದಿದ್ದೇನೆ. 2021ರಲ್ಲಿ ನಾನು ಮಾಡಿಕೊಟ್ಟ ಪಟ್ಟಿಯನ್ನು ನಂಬಿ ಎಂಜಿನಿಯರಿಂಗ್ ಸೇರಿದ 22 ಮಕ್ಕಳಲ್ಲಿ 19 ಮಂದಿ 2025ರಲ್ಲಿ ಒಂದೂ ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಉಳಿಸಿಕೊಳ್ಳದೆ ಓದು ಮುಗಿಸಿದರು. ಅವರಲ್ಲಿ 14 ಮಂದಿಗೆ ಕೆಲಸ ಸಿಕ್ಕಿದೆ, ಮೂವರು ಎಂ.ಟೆಕ್. ಸೇರಿದ್ದಾರೆ. ಅದೇ ವರ್ಷ ಕಾಲೇಜುಗಳ ಶ್ರೇಯಾಂಕವನ್ನಷ್ಟೇ ನೋಡಿ ಆಯ್ಕೆ ಮಾಡಿಕೊಂಡ ಸುಮಾರು 17 ಮಕ್ಕಳು ಸಿಇಟಿ ರ‍್ಯಾಂಕಿನಲ್ಲಿ ಇವರಿಗಿಂತ ಕಡಿಮೆಯೇನೂ ಇರಲಿಲ್ಲ, ಆದರೆ ನಾಲ್ಕು ವರ್ಷಕ್ಕೆ ಸರಿಯಾಗಿ ಮುಗಿಸಿದವರು 10 ಮಂದಿ. ಸಂಖ್ಯೆ ಚಿಕ್ಕದೆಂದು ಬಲ್ಲೆ. ಆದರೂ ಏಳೆಂಟು ವರ್ಷ ಸಹೋದ್ಯೋಗಿಗಳೂ ಪೋಷಕರೂ ಅನುಮಾನಿಸಿದ ಕ್ರಮವೊಂದು ಫಲ ಕೊಟ್ಟಿರುವುದರಿಂದ, ಇದೇ ಕೆಲಸದಲ್ಲಿರುವ ಉಪನ್ಯಾಸಕ ಮಿತ್ರರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ಎರಡು ವರ್ಷಗಳು ವಿಫಲವಾದವು. ಆಗ ನಾನೂ ಪತ್ರಿಕೆಗಳ ಶ್ರೇಯಾಂಕ ಸಂಚಿಕೆಗಳನ್ನು ಕೊಂಡು, ಕೇಂದ್ರ ಸರ್ಕಾರದ ಶ್ರೇಯಾಂಕ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ನ ಪಟ್ಟಿಯನ್ನು ಮುದ್ರಿಸಿ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ, ಮೇಲಿನಿಂದ ಕೆಳಕ್ಕೆ ಆಪ್ಷನ್ ಹಾಕಿಸುತ್ತಿದ್ದೆ. 2017ರಲ್ಲಿ ಕೊಬ್ಬರಿ ವ್ಯಾಪಾರದ ಅಂಗಡಿಯಲ್ಲಿ ಹಮಾಲಿ ಮಾಡುವವರೊಬ್ಬರ ಮಗನನ್ನು ನಾನೇ ಒತ್ತಾಯಿಸಿ, ಶ್ರೇಯಾಂಕದಲ್ಲಿ ಚೆನ್ನಾಗಿ ಕಾಣುತ್ತಿದ್ದ ಬೆಂಗಳೂರಿನ ಕಾಲೇಜೊಂದನ್ನು ಮೊದಲ ಆಯ್ಕೆಯಾಗಿ ಹಾಕಿಸಿದೆ. ಆ ಹುಡುಗನ ವಿಭಾಗದಲ್ಲಿ ಎರಡನೆಯ ವರ್ಷದ ಒಂದು ಸೆಮಿಸ್ಟರಿನಲ್ಲಿ ಮೂರು ಮಂದಿ ಅಧ್ಯಾಪಕರು ಬಿಟ್ಟುಹೋದರು, ಒಂದು ವಿಷಯಕ್ಕೆ ಪಾಠವೇ ನಡೆಯಲಿಲ್ಲ. ಸರ್ಕಾರಿ ಕೋಟಾದ ಸೀಟೇ ಆಗಿದ್ದರೂ ಶುಲ್ಕ, ಪಿ.ಜಿ. ಬಾಡಿಗೆ, ಊಟ ಎಲ್ಲ ಸೇರಿ ಆ ಕುಟುಂಬಕ್ಕೆ ನಾಲ್ಕೂವರೆ ವರ್ಷದಲ್ಲಿ ಏಳು ಲಕ್ಷದ ಹತ್ತಿರ ಖರ್ಚಾಯಿತು. ನಾಲ್ಕೂವರೆ ವರ್ಷವೆಂದೆ, ಏಕೆಂದರೆ ಅವನು ಸಕಾಲಕ್ಕೆ ಮುಗಿಸಲಾಗಲಿಲ್ಲ. ಅವನ ತಂದೆ ನನ್ನನ್ನು ದೂರಲಿಲ್ಲ. ಶ್ರೇಯಾಂಕ ಯಾವುದನ್ನು ಅಳೆಯುತ್ತದೆ ಎಂಬುದನ್ನು ಓದದೆ ಮಕ್ಕಳಿಗೆ ಸಲಹೆ ಕೊಡಬಾರದೆಂದು ನಾನು ನಿರ್ಧರಿಸಿದ್ದು ಆ ಅಧ್ಯಾಪಕರು ಬಿಟ್ಟುಹೋದ ಸುದ್ದಿ ತಿಳಿದಾಗಲೇ.

ಎನ್‌ಐಆರ್‌ಎಫ್ 2015ರಲ್ಲಿ ಆರಂಭವಾಗಿ 2016ರಲ್ಲಿ ಮೊದಲ ಪಟ್ಟಿ ಕೊಟ್ಟಿತು. ಎಂಜಿನಿಯರಿಂಗ್ ವಿಭಾಗದಲ್ಲಿ ಅದು ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವಿಯ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10 ಅಂಕ ಇಡುತ್ತದೆ. ನಮ್ಮ ಹಳ್ಳಿಯ ಹುಡುಗಿಯೊಬ್ಬಳು ಬಿ.ಇ. ಓದಲು ಹೊರಟಾಗ ಅವಳಿಗೆ ನೇರವಾಗಿ ಬೇಕಾದದ್ದು ಆ 20 ಅಂಕ ಮತ್ತು ಮೊದಲ 30ರಲ್ಲಿ ಒಂದು ಪಾಲು ಮಾತ್ರ. ಪ್ರಬಂಧಗಳ ಸಂಖ್ಯೆಯೂ ಪೇಟೆಂಟುಗಳ ಸಂಖ್ಯೆಯೂ ದೇಶಕ್ಕೆ ಅಗತ್ಯವೇ, ಆದರೆ ಮೊದಲ ಸೆಮಿಸ್ಟರಿನ ಗಣಿತವನ್ನು ಯಾರು ಹೇಳಿಕೊಡುತ್ತಾರೆ ಎಂಬ ಪ್ರಶ್ನೆಗೆ ಅವು ಉತ್ತರವಾಗುವುದಿಲ್ಲ. ಒಳಗೊಳ್ಳುವಿಕೆಯ 10ರಲ್ಲಿ ಮೂರು ಅಂಕ ಹೊರ ರಾಜ್ಯ, ಹೊರ ದೇಶದ ವಿದ್ಯಾರ್ಥಿಗಳ ಪ್ರಮಾಣಕ್ಕೆ ಮೀಸಲು. ಸುತ್ತಲಿನ ನಾಲ್ಕು ತಾಲ್ಲೂಕುಗಳ ಮಕ್ಕಳನ್ನೇ ಸೇರಿಸಿಕೊಂಡು ಓದಿಸುವ ಜಿಲ್ಲಾ ಕೇಂದ್ರದ ಕಾಲೇಜು ಆ ಮೂರು ಅಂಕಗಳಲ್ಲಿ ಬಹುಪಾಲನ್ನು ಕಳೆದುಕೊಳ್ಳುತ್ತದೆ. ನಮ್ಮ ಮಕ್ಕಳ ಪಾಲಿಗೆ ಆ ಕಾಲೇಜಿನ ಗುಣವಾಗಿರುವುದೇ ಪಟ್ಟಿಯಲ್ಲಿ ಅದರ ಕೊರತೆಯಾಗುತ್ತದೆ. ನೂರರ ಆಚೆಗೆ ಕ್ರಮಾಂಕವೇ ಇಲ್ಲದೆ 101ರಿಂದ 150, 151ರಿಂದ 200 ಎಂದು ಗುಂಪಾಗಿ ಪ್ರಕಟಿಸುವುದರಿಂದ, ನಮ್ಮ ಮಕ್ಕಳಿಗೆ ಎಟುಕುವ ಕಾಲೇಜುಗಳ ನಡುವೆ ಆ ಪಟ್ಟಿ ಯಾವ ವ್ಯತ್ಯಾಸವನ್ನೂ ತೋರಿಸುವುದಿಲ್ಲ. ಇನ್ನು ಭಾಗವಹಿಸದ ಕಾಲೇಜಿಗೆ ಶ್ರೇಯಾಂಕವೇ ಇಲ್ಲ, ಪೋಷಕರು ಅದನ್ನು ಕೆಟ್ಟ ಶ್ರೇಯಾಂಕವೆಂದೇ ಓದುತ್ತಾರೆ.

ನಮ್ಮ ಭೌತಶಾಸ್ತ್ರದ ಹಿರಿಯ ಉಪನ್ಯಾಸಕರು ಇದನ್ನು ಒಪ್ಪಲಿಲ್ಲ. "ಪಟ್ಟಿ ಬರುವುದಕ್ಕೆ ಮುಂಚೆ ನಮಗೆ ಏನಿತ್ತು ಹೇಳಿ ಮೇಷ್ಟ್ರೇ? ಅವರಿವರ ಮಾತು, ಬಸ್‌ಸ್ಟ್ಯಾಂಡಿನ ಬ್ಯಾನರು, ಅಷ್ಟೇ ತಾನೆ? ಕಂಪನಿಯವರೂ ಬ್ಯಾಂಕಿನವರೂ ಶ್ರೇಯಾಂಕ ಕೇಳುವಾಗ ನೀವೊಬ್ಬರು ಬೇಡವೆಂದರೆ ಮಕ್ಕಳಿಗೇ ನಷ್ಟ" ಎಂಬುದು ಅವರ ವಾದ. ಅದರಲ್ಲಿ ಅರ್ಧ ಸತ್ಯವೆಂದು ನಾನು ಈಗಲೂ ಒಪ್ಪುತ್ತೇನೆ. ಎನ್‌ಐಆರ್‌ಎಫ್‌ನಿಂದಾದ ದೊಡ್ಡ ಉಪಕಾರವೆಂದರೆ ಕಾಲೇಜುಗಳು ತಾವು ಸಲ್ಲಿಸಿದ ಅಂಕಿ ಅಂಶಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕಾಗಿ ಬಂದದ್ದು. ಹದಿನೈದು ವರ್ಷಗಳ ಹಿಂದೆ ಯಾವ ಕಾಲೇಜಿನ ಕಚೇರಿಯಲ್ಲಿ ಕೇಳಿದ್ದರೂ ಸಿಗದಿದ್ದ ಮಾಹಿತಿ ಈಗ ಪಿಡಿಎಫ್ ರೂಪದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಪಟ್ಟಿಯ ಮೇಲಿನ ಕ್ರಮಾಂಕಕ್ಕಿಂತ ಅದರ ಅಡಿಯಲ್ಲಿರುವ ಈ ಕಡತವೇ ಬೆಲೆಯುಳ್ಳದ್ದು ಎಂಬುದು ನನ್ನ ವಾದ, ಮತ್ತು ನನ್ನ ಕ್ರಮವೆಲ್ಲ ಅದರ ಮೇಲೆಯೇ ನಿಂತಿದೆ.

ಆ ಕಡತದಲ್ಲಿ ನಾನು ಮೊದಲು ನೋಡುವುದು ಉದ್ಯೋಗ ಮತ್ತು ಉನ್ನತ ವ್ಯಾಸಂಗದ ಕೋಷ್ಟಕವನ್ನು. ಮೊದಲ ವರ್ಷಕ್ಕೆ ಸೇರಿದವರು, ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಬಂದವರು, ನಿಗದಿತ ಅವಧಿಯಲ್ಲಿ ಪದವಿ ಪಡೆದವರು, ಕೆಲಸ ಸಿಕ್ಕವರು, ಅವರ ಮಧ್ಯಮ ಸಂಬಳ (ಸಂಬಳಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಮೊತ್ತ), ಮುಂದೆ ಓದಲು ಹೋದವರು ಎಂದು ಅಲ್ಲಿ ಸಾಲುಗಳಿರುತ್ತವೆ. ಜಾಹೀರಾತುಗಳು ಮಧ್ಯಮ ಸಂಬಳವನ್ನು ಎತ್ತಿ ತೋರಿಸುತ್ತವೆ, ಆದರೆ ಅದು ಕೆಲಸ ಸಿಕ್ಕವರದ್ದಷ್ಟೇ. ಸೇರಿದವರ ಒಟ್ಟು ಸಂಖ್ಯೆಯನ್ನು ಛೇದದಲ್ಲಿಟ್ಟು, ಕೆಲಸ ಸಿಕ್ಕವರನ್ನೂ ಮುಂದೆ ಓದಲು ಹೋದವರನ್ನೂ ಕೂಡಿಸಿ ಅಂಶದಲ್ಲಿಟ್ಟು ನಾನು ಶೇಕಡಾವಾರು ತೆಗೆಯುತ್ತೇನೆ. 600 ಮಕ್ಕಳನ್ನು ಸೇರಿಸಿಕೊಂಡು ಅವರಲ್ಲಿ 200 ಮಂದಿಗೆ ಆರೂವರೆ ಲಕ್ಷದ ಕೆಲಸ ಕೊಡಿಸಿ 30 ಮಂದಿಯನ್ನು ಮುಂದಿನ ಓದಿಗೆ ಕಳಿಸಿದ ಕಾಲೇಜಿಗೆ ಸಿಗುವುದು 38. ಅದೇ 300 ಮಕ್ಕಳಲ್ಲಿ 190 ಮಂದಿಗೆ ನಾಲ್ಕು ಲಕ್ಷದ ಕೆಲಸ ಕೊಡಿಸಿ 20 ಮಂದಿಯನ್ನು ಮುಂದೆ ಓದಿಸಿದ ಕಾಲೇಜಿಗೆ 70. ತರಗತಿಯಲ್ಲಿ ಮೊದಲ ಹತ್ತರಲ್ಲಿ ನಿಲ್ಲುವ ಮಗುವಿಗೆ ಮೊದಲನೆಯದು ಒಳ್ಳೆಯದಿರಬಹುದು. ನಡುವಿನ ಸಾಲಿನಲ್ಲಿ ಕೂರುವ ಮಗುವಿಗೆ ಎರಡನೆಯದೇ ಸರಿ, ಮತ್ತು ನಮ್ಮಲ್ಲಿ ಹೆಚ್ಚಿನವರು ನಡುವಿನ ಸಾಲಿನವರು. ಛೇದಕ್ಕೆ ಡಿಪ್ಲೊಮಾದಿಂದ ಬಂದವರನ್ನು ಸೇರಿಸುವುದನ್ನು ಮರೆತು 2019ರಲ್ಲಿ ನಾನು ನಾಲ್ಕಾರು ಕಾಲೇಜುಗಳಿಗೆ ಹೆಚ್ಚಿನ ಅಂಕ ಕೊಟ್ಟಿದ್ದೆ. ಸೇರಿಸಿದ ಮೇಲೆ ಎರಡು ಕಾಲೇಜುಗಳು ಪಟ್ಟಿಯಿಂದಲೇ ಹೊರಬಿದ್ದವು.

ಎರಡನೆಯದು ಅಧ್ಯಾಪಕರ ಪಟ್ಟಿ. ಅದರಲ್ಲಿ ಸೇರಿದ ದಿನಾಂಕ, ಬಿಟ್ಟ ದಿನಾಂಕ, ಅನುಭವದ ತಿಂಗಳುಗಳು ಇರುತ್ತವೆ. ಐದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಉಳಿದಿರುವವರು ಶೇಕಡಾ ಎಷ್ಟು ಎಂದು ನಾನು ವಿಭಾಗದ ಮಟ್ಟದಲ್ಲಿ ಲೆಕ್ಕ ಹಾಕುತ್ತೇನೆ. ನಾನು ಒತ್ತಾಯಿಸಿ ಬೆಂಗಳೂರಿಗೆ ಕಳಿಸಿದ ಆ ಹುಡುಗನ ಕಾಲೇಜಿನ ಪಟ್ಟಿಯನ್ನು ಆಮೇಲೆ ತೆಗೆದು ನೋಡಿದಾಗ ಬಹುಪಾಲು ಹೆಸರುಗಳು ಹಿಂದಿನ ಒಂದೂವರೆ ವರ್ಷದಲ್ಲಿ ಸೇರಿದವಾಗಿದ್ದವು. ನಾವು ಅದನ್ನು ಮೊದಲೇ ನೋಡಬಹುದಿತ್ತು. ವಿಭಾಗವಾರು ಬೇರ್ಪಡಿಸಲು ಆ ಕಡತ ನೇರವಾಗಿ ಸಹಾಯ ಮಾಡುವುದಿಲ್ಲ. ಅದಕ್ಕೆ ನಾನು ಕಂಡುಕೊಂಡಿರುವ ದಾರಿಯೊಂದಿದೆ, ಅದನ್ನು ಇಲ್ಲಿ ಬರೆಯಲಾರೆ, ಭೇಟಿಯಾದವರಿಗೆ ತೋರಿಸುತ್ತೇನೆ.

ಮೂರನೆಯ ಹೆಜ್ಜೆಯ ಯೋಚನೆ 2022ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸುದ್ದಿಯನ್ನು ಓದಿದಾಗ ಹುಟ್ಟಿತು. ಅಲ್ಲಿನ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡಿಯಸ್ ತಮ್ಮದೇ ಸಂಸ್ಥೆ ಶ್ರೇಯಾಂಕಕ್ಕಾಗಿ ಸಲ್ಲಿಸಿದ ಅಂಕಿಗಳನ್ನು ಅದೇ ಸಂಸ್ಥೆಯ ಬೇರೆ ದಾಖಲೆಗಳೊಡನೆ ಹೋಲಿಸಿ, ಅವು ತಾಳೆಯಾಗುವುದಿಲ್ಲವೆಂದು ಬರೆದರು. ಅದೇ ವರ್ಷ ಕೊಲಂಬಿಯಾ ಎರಡನೆಯ ಸ್ಥಾನದಿಂದ ಹದಿನೆಂಟಕ್ಕೆ ಇಳಿಯಿತು. ನಮ್ಮಲ್ಲಿಯೂ ಅಂಕಿಗಳನ್ನು ಕೊಡುವುದು ಕಾಲೇಜುಗಳೇ. ಹಾಗಾಗಿ ಒಂದೇ ವರ್ಷಕ್ಕೆ ಎನ್‌ಐಆರ್‌ಎಫ್ ಕಡತ, ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇಯ ಕಡ್ಡಾಯ ಪ್ರಕಟಣೆ, ಕಾಲೇಜುಗಳಿಗೆ ಮಾನ್ಯತೆಯ ದರ್ಜೆ ಕೊಡುವ ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿ ಈ ಮೂರರಲ್ಲಿ ಅಧ್ಯಾಪಕರ ಸಂಖ್ಯೆ ಎಷ್ಟೆಷ್ಟು ಎಂದು ನಾನು ಪಕ್ಕಪಕ್ಕದಲ್ಲಿ ಬರೆದುಕೊಳ್ಳತೊಡಗಿದೆ. ಹತ್ತು ಮಂದಿಯಷ್ಟು ವ್ಯತ್ಯಾಸಕ್ಕೆ ಕಾರಣಗಳಿರಬಹುದು. ನಲವತ್ತು ಮಂದಿಯ ವ್ಯತ್ಯಾಸ ಕಂಡರೆ ಆ ಕಾಲೇಜಿನ ಸಾಲಿಗೆ ಕೆಂಪು ಬಣ್ಣ ಹಾಕುತ್ತೇನೆ. 2021ರ ಮಕ್ಕಳಿಗೆ ಈ ಪರೀಕ್ಷೆಯ ಲಾಭ ಸಿಗಲಿಲ್ಲ. ಸಿಕ್ಕಿದ್ದರೆ ಸಕಾಲಕ್ಕೆ ಮುಗಿಸದ ಮೂವರಲ್ಲಿ ಒಬ್ಬನಾದರೂ ಬೇರೆ ಕಡೆ ಸೇರುತ್ತಿದ್ದನೆಂದು ನನ್ನ ನಂಬಿಕೆ.

ವ್ಯರ್ಥವಾದ ಪ್ರಯೋಗಗಳನ್ನೂ ಹೇಳಬೇಕು. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಫಲಿತಾಂಶದ ಪುಟದಲ್ಲಿ ವಿದ್ಯಾರ್ಥಿಗಳ ಯುಎಸ್‌ಎನ್ ನೋಂದಣಿ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ ವಿಭಾಗವಾರು ಪಾಸಾದವರ ಪ್ರಮಾಣ ತೆಗೆಯಲು 2019ರ ಬೇಸಿಗೆಯಲ್ಲಿ ಮೂರು ವಾರ ಸಂಜೆಗಳನ್ನು ಕಳೆದೆ. ಪ್ರತಿ ಬಾರಿ ಚಿತ್ರದ ಅಕ್ಷರಗಳನ್ನು ಟೈಪು ಮಾಡುತ್ತಾ ಸುಮಾರು 700 ಫಲಿತಾಂಶ ನೋಡಿದ ಮೇಲೆ, ಮಕ್ಕಳು ಹೆಚ್ಚು ಬಯಸುವ ಕಾಲೇಜುಗಳೆಲ್ಲ ಪರೀಕ್ಷೆಗಳನ್ನು ತಾವೇ ನಡೆಸುವ ಸ್ವಾಯತ್ತ ಕಾಲೇಜುಗಳಾದ್ದರಿಂದ ಅವುಗಳ ಫಲಿತಾಂಶ ಅಲ್ಲಿಲ್ಲವೆಂಬುದು ಖಚಿತವಾಯಿತು. ಅಪರಿಚಿತ ಮಕ್ಕಳ ಅಂಕಗಳನ್ನು ಹೀಗೆ ನೋಡುವುದು ನನಗೂ ಸರಿಯೆನಿಸಲಿಲ್ಲ, ಆದ್ದರಿಂದ ಕೈಬಿಟ್ಟೆ.

ಸಿಇಟಿ ನಡೆಸಿ ಸೀಟು ಹಂಚುವ ಕೆಇಎ ಪ್ರಕಟಿಸುವ ಕಟ್‌ಆಫ್ ರ‍್ಯಾಂಕನ್ನೇ (ಸೀಟು ಸಿಕ್ಕ ಕೊನೆಯವರ ರ‍್ಯಾಂಕನ್ನೇ) ಗುಣಮಟ್ಟದ ಅಳತೆಯಾಗಿ ಹಿಡಿದದ್ದು ಇನ್ನೊಂದು ತಪ್ಪು. ಮಕ್ಕಳು ಶ್ರೇಯಾಂಕ ನೋಡಿ ಆಪ್ಷನ್ ಹಾಕುತ್ತಾರೆ, ಅದರಿಂದ ಕಟ್‌ಆಫ್ ಏರುತ್ತದೆ, ಏರಿದ ಕಟ್‌ಆಫ್ ನೋಡಿ ಮುಂದಿನ ವರ್ಷದವರು ಅದನ್ನೇ ಒಳ್ಳೆಯ ಕಾಲೇಜೆನ್ನುತ್ತಾರೆ. ಸೀಟು ಸಿಗುತ್ತದೆಯೇ ಎಂದು ತಿಳಿಯಲು ಮಾತ್ರ ಕಟ್‌ಆಫ್ ಬೇಕು. ಅದರಲ್ಲೂ ಜಿಎಂ (ಸಾಮಾನ್ಯ ವರ್ಗದ) ಕಾಲಂ ಒಂದನ್ನೇ ನೋಡದೆ ಆಯಾ ಮಗುವಿನ ಪ್ರವರ್ಗ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಕಾಲಂಗಳನ್ನು ನೋಡಬೇಕು. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ನಡೆಯದೆ ಸಿಇಟಿ ಅಂಕಗಳಿಂದಷ್ಟೇ ರ‍್ಯಾಂಕ್ ಕೊಟ್ಟಿದ್ದರಿಂದ, ನಾನು ಕಷ್ಟಪಟ್ಟು ಜೋಡಿಸಿದ್ದ ಮೂರು ವರ್ಷಗಳ ಕಟ್‌ಆಫ್ ಕೋಷ್ಟಕ ಆ ವರ್ಷ ಬಹುಮಟ್ಟಿಗೆ ನಿರುಪಯೋಗವಾಯಿತು. ಅಣಕು ಹಂಚಿಕೆ (ನಿಜವಾದ ಸೀಟು ಹಂಚಿಕೆಗೆ ಮುನ್ನ ಬರುವ ಪ್ರಾಯೋಗಿಕ ಪಟ್ಟಿ) ಪ್ರಕಟವಾದ ಮೇಲೆ ಎರಡು ರಾತ್ರಿ ಕುಳಿತು ಎಲ್ಲ 22 ಪಟ್ಟಿಗಳನ್ನೂ ಮತ್ತೆ ಹೊಂದಿಸಿದೆವು.

ಹಣದ ಮಾತಿಗೆ ಬಂದರೆ, ಎಂಟು ವರ್ಷಗಳಲ್ಲಿ ಮುದ್ರಣ, ಪತ್ರಿಕೆ, ರೈಲು ಮತ್ತು ಬಸ್ಸಿನ ವೆಚ್ಚ ಸೇರಿ ನನ್ನ ಕೈಯಿಂದ ಸುಮಾರು 40,000 ರೂಪಾಯಿ ಹೋಗಿದೆ. ಕಾಲೇಜಿನ ನಿಧಿಯಿಂದ ವರ್ಷಕ್ಕೆ 3,000 ಕೊಡಿರೆಂದು ಕೇಳಿದಾಗ ಪಟ್ಟಿ ಪತ್ರಿಕೆಯಲ್ಲೇ ಬರುತ್ತದಲ್ಲ ಎಂಬ ಉತ್ತರ ಬಂತು. ಆಪ್ಷನ್ ಎಂಟ್ರಿ ಮಾಡಿಸಿಕೊಡಲು ಪೇಟೆಯಲ್ಲಿ ಒಬ್ಬ ಪೋಷಕರಿಂದ 5,000ದಿಂದ 10,000 ತೆಗೆದುಕೊಳ್ಳುವವರಿದ್ದಾರೆ, ಅವರು ಕೊಡುವುದೂ ಅದೇ ಶ್ರೇಯಾಂಕದ ಪಟ್ಟಿಯನ್ನು. ನನ್ನ ಕೋಷ್ಟಕದಲ್ಲಿ ಒಟ್ಟು ಖರ್ಚಿಗೊಂದು ಕಾಲಂ ಇದೆ. ತುಮಕೂರಿಗೆ ರೈಲಿನ ಪಾಸಿನಲ್ಲಿ ಹೋಗಿಬರುವ ಮಗುವಿಗೂ ಬೆಂಗಳೂರಿನಲ್ಲಿ ಪಿ.ಜಿ. ಹಿಡಿಯುವ ಮಗುವಿಗೂ ನಾಲ್ಕು ವರ್ಷದಲ್ಲಿ ಮೂರು ಲಕ್ಷಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ವಾರ್ಷಿಕ ಆದಾಯ ಎಂಟು ಲಕ್ಷಕ್ಕಿಂತ ಕಡಿಮೆಯಿರುವ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕ ವಿನಾಯಿತಿ ಕೊಡುವ ಎಸ್‌ಎನ್‌ಕ್ಯೂ ಸೀಟುಗಳನ್ನೂ ಅದೇ ಕಾಲಂನಲ್ಲಿ ಗುರುತಿಸುತ್ತೇನೆ. ಮಗು ಓದಲು ಎಷ್ಟು ಸಾಲ ಮಾಡಬೇಕಾಗುತ್ತದೆ ಎಂಬುದಕ್ಕೆ ಯಾವ ಶ್ರೇಯಾಂಕವೂ ಅಂಕ ಇಟ್ಟದ್ದನ್ನು ನಾನು ಕಂಡಿಲ್ಲ, ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಅನ್ಯಾಯ.

ಕಡತಗಳಿಂದ ಆರಿಸಿದ ಹತ್ತು ಹನ್ನೆರಡು ಕಾಲೇಜುಗಳಿಗೆ ಫೆಬ್ರವರಿಯಲ್ಲಿ, ಒಂದೊಂದಕ್ಕೆ ಒಂದೊಂದು ಕೆಲಸದ ದಿನ, ಮುಂಚೆ ತಿಳಿಸದೆ, ಬೆಳಿಗ್ಗೆ ಹತ್ತೂವರೆಗೆ ಹೋಗುತ್ತೇನೆ. ಪ್ರವೇಶ ವಿಭಾಗಕ್ಕೆ ಹೋಗದೆ ಕ್ಯಾಂಟೀನಿನಲ್ಲಿ ಕುಳಿತು ಮೂರನೆಯ ವರ್ಷದ ಮಕ್ಕಳಿಗೆ ಮೂರು ಪ್ರಶ್ನೆ ಕೇಳುತ್ತೇನೆ. ಕಳೆದ ಸೆಮಿಸ್ಟರಿನಲ್ಲಿ ಎಷ್ಟು ವಿಷಯಗಳಿಗೆ ನಡುವೆ ಅಧ್ಯಾಪಕರು ಬದಲಾದರು ಎಂಬುದು ಮೊದಲನೆಯದು, ನೀವೇ ಕೈಯಿಂದ ಮಾಡಿದ ಕೊನೆಯ ಪ್ರಯೋಗ ಯಾವುದು ಎಂಬುದು ಎರಡನೆಯದು. ಮೂರನೆಯದನ್ನು ಬರೆಯುವುದಿಲ್ಲ, ಏಕೆಂದರೆ ಯಾವ ಅಳತೆಯೂ ಎಲ್ಲರಿಗೂ ತಿಳಿದ ಕೂಡಲೇ ಅದಕ್ಕೆ ತಕ್ಕ ಉತ್ತರ ಸಿದ್ಧವಾಗುತ್ತದೆ. ಶ್ರೇಯಾಂಕಗಳಿಗೆ ಆಗಿರುವುದೂ ಅದೇ ಎಂದು ನನ್ನ ಅಭಿಪ್ರಾಯ. 2021ರ 22 ಪಟ್ಟಿಗಳು ನಿಂತದ್ದು 2019ರಲ್ಲಿ ಮತ್ತು 2020ರ ಆರಂಭದಲ್ಲಿ, ಕಾಲೇಜುಗಳು ಮುಚ್ಚುವ ಮುನ್ನ, ನಾನು ಮಾಡಿದ ಇಂಥ ಭೇಟಿಗಳ ಮೇಲೆ.

ಭೌತಶಾಸ್ತ್ರದ ಮೇಷ್ಟ್ರು ಈಗ ಕಡತಗಳನ್ನು ಓದಲು ನನ್ನೊಡನೆ ಕೂರುತ್ತಾರೆ, ಆದರೂ ಶ್ರೇಯಾಂಕಕ್ಕೆ ಒಂದು ಕಾಲಂ ಇರಲೇಬೇಕೆಂಬ ಅವರ ಹಟ ಬಿಟ್ಟಿಲ್ಲ, ಹಾಗಾಗಿ ಕೊನೆಯ ಕಾಲಂನಲ್ಲಿ ಅದನ್ನೂ ಬರೆಯುತ್ತೇವೆ. ಕಳೆದ ಜೂನ್‌ನಲ್ಲಿ ನಾವಿಬ್ಬರೂ ಸೇರಿ 11 ಕಾಲೇಜುಗಳಿಗೆ ಪತ್ರ ಬರೆದು, ವಿಭಾಗವಾರು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಕಾಲಕ್ಕೆ ಮುಗಿಸಿದರು ಎಂಬ ಎರಡೇ ಸಂಖ್ಯೆಗಳನ್ನು ಕೇಳಿದೆವು. ಮೂರು ಕಾಲೇಜುಗಳು ಉತ್ತರಿಸಿದವು, ಆ ಮೂರು ಪತ್ರಗಳೂ ಈಗ ಸ್ಟಾಫ್ ರೂಮಿನ ಗೋಡೆಯ ಮೇಲೆ ಹಳೆಯ ಪಟ್ಟಿಯಿದ್ದ ಜಾಗದಲ್ಲಿವೆ. ಉಳಿದ ಎಂಟಕ್ಕೆ ಫೆಬ್ರವರಿಯಲ್ಲಿ ನಾವೇ ಹೋಗುತ್ತೇವೆ.