ಡೊಮೇನ್ ಹೆಸರನ್ನು ಹೂಡಿಕೆಯಾಗಿ ಕೊಳ್ಳುವ ಮುನ್ನ

ಡೊಮೇನ್ ಹೆಸರನ್ನು, ಅಂದರೆ ಜಾಲತಾಣದ ವಿಳಾಸವಾಗುವ ಹೆಸರನ್ನು, ಕೊಂಡವರು ಅದರ ಶಾಶ್ವತ ಒಡೆಯರಾಗುವುದಿಲ್ಲ. ಡಾಟ್ ಕಾಮ್‌ನಂಥ ಹೆಸರುಗಳನ್ನು ಒಮ್ಮೆಗೆ ಗರಿಷ್ಠ 10 ವರ್ಷಗಳಿಗಷ್ಟೇ ನೋಂದಾಯಿಸಬಹುದಾದ್ದರಿಂದ, ಮಾರಾಟವಾಗುವವರೆಗೂ ನವೀಕರಣ ಶುಲ್ಕವನ್ನು ಕಟ್ಟುತ್ತಲೇ ಇರಬೇಕಾಗುತ್ತದೆ. ಲೆಕ್ಕ ಹಾಕಬೇಕಾದದ್ದು ಆ ಶುಲ್ಕವನ್ನು, ಮೊದಲ ವರ್ಷದ ರಿಯಾಯಿತಿ ದರವನ್ನಲ್ಲ. ಬಳಿಕ, ಚಿಕ್ಕದಾದ, ಕಿವಿಗೆ ಬಿದ್ದೊಡನೆ ತಪ್ಪಿಲ್ಲದೆ ಬರೆಯಬಹುದಾದ, ಹಲವು ಉದ್ಯಮಗಳಿಗೆ ಒಪ್ಪುವ ಹೆಸರನ್ನು ಆರಿಸಿಕೊಂಡು, ಅದೇ ಬಗೆಯ ಹೆಸರುಗಳು ನಿಜವಾಗಿ ಮಾರಾಟವಾದ ಬೆಲೆಯನ್ನು ಪರಿಶೀಲಿಸಿ. ಮಾರುವವರು ಕೇಳುತ್ತಿರುವ ಬೆಲೆ ಬರಿಯ ಆಸೆಯ ಲೆಕ್ಕ. ಇತರರ ಟ್ರೇಡ್‌ಮಾರ್ಕನ್ನು ಹೋಲುವ ಹೆಸರನ್ನಂತೂ ಮುಟ್ಟಬೇಡಿ: ಡೊಮೇನ್ ಹೆಸರುಗಳ ಜಾಗತಿಕ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಅಂಗೀಕರಿಸಿದ ವಿವಾದ ಪರಿಹಾರ ನೀತಿಯಡಿ, ದುರುದ್ದೇಶದಿಂದ ನೋಂದಾಯಿಸಿ ಬಳಸಿದ ಹೆಸರು ಬಿಡಿಗಾಸೂ ದಕ್ಕದೆ ಕೈತಪ್ಪಬಹುದು. ತಾನಾಗಿ ಬಡ್ಡಿ ತಾರದ, ಬೇಕೆಂದಾಗ ಕೊಳ್ಳುವವರು ಸಿಗದ ಈ ಆಸ್ತಿಯಲ್ಲಿ, ಕಳೆದುಕೊಂಡರೂ ತಾಳಿಕೊಳ್ಳಬಲ್ಲಷ್ಟು ಹಣವನ್ನು ಮಾತ್ರ ತೊಡಗಿಸಿ, ಯಾರೂ ವಿಚಾರಿಸದ ಹೆಸರುಗಳನ್ನು ನವೀಕರಣದ ದಿನಕ್ಕೆ ಮೊದಲೇ ಕೈಬಿಡುವುದು ಲೇಸು.