200 ಲೀಟರ್ ಡ್ರಮ್ಮಿಗೆ ಮೈಲುತುತ್ತ ಎಷ್ಟು?

ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೆ ನನ್ನ ಮೊದಲ ಸಂದರ್ಶನ. ಎದುರಿಗೆ ಐದು ಜನ ಕೂತಿದ್ದರು. ಅಡಿಕೆಗೆ ಕೊಳೆ ರೋಗ ಯಾಕೆ ಬರುತ್ತದೆ ಅಂತ ಕೇಳಿದರು. ಫೈಟಾಫ್ತೊರಾ ಅನ್ನುವ ರೋಗಾಣುವಿನಿಂದ ಅಂತ ಗತ್ತಿನಿಂದ ಹೇಳಿದೆ. ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ನೀರಿನಲ್ಲಿ ಕಲಸಿದ ಔಷಧಿ, ಹೊಡೆಯಬೇಕು ಅಂತ ಅವರು ಕೇಳದಿದ್ದರೂ ಸೇರಿಸಿದೆ. ತುದಿಯಲ್ಲಿದ್ದವರು ಕನ್ನಡಕ ತೆಗೆದಿಟ್ಟು ಕೇಳಿದರು: "ಸರಿ, 200 ಲೀಟರ್ ಡ್ರಮ್ಮಿಗೆ ಮೈಲುತುತ್ತ ಎಷ್ಟು ಹಾಕ್ತೀರಿ?"

ತಲೆ ಖಾಲಿ. "ಅರ್ಧ ಕೆಜಿ ಇರಬಹುದು ಸರ್" ಅಂದೆ.

ನಾನು ತೀರ್ಥಹಳ್ಳಿ ಕಡೆಯವನು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ನಮ್ಮ ತೋಟಕ್ಕೆ ಔಷಧಿ ಹೊಡೆಸುತ್ತೇವೆ. ಡ್ರಮ್ಮಿನ ಪಕ್ಕ ಕೋಲು ಹಿಡಿದು ತಿರುಗಿಸುವ ಕೆಲಸ ಹೈಸ್ಕೂಲಿನಿಂದಲೂ ನನ್ನದೇ. 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. 200ಕ್ಕೆ ಎರಡೆರಡು. ಹದ ಬಂದಿದೆಯಾ ಅಂತ ನೋಡಲು ಅಪ್ಪ ಕತ್ತಿಯ ತುದಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇಷ್ಟೆಲ್ಲ ಗೊತ್ತಿದ್ದೂ ಆ ಕುರ್ಚಿಯಲ್ಲಿ ಕೂತಾಗ ಒಂದೂ ನೆನಪಾಗಲಿಲ್ಲ. ಪುಸ್ತಕದಲ್ಲಿ ಶೇಕಡಾ ಇತ್ತು, ಡ್ರಮ್ ಇರಲಿಲ್ಲ.

ಸಂಜೆ ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೋದ ವರ್ಷ ಪ್ಯಾಕೆಟ್ ಹರಿದು ಸುರಿದವನು ನೀನೇ ಅಲ್ವೇನೋ?" ಅಂದರು.

ಸಂದರ್ಶನದಲ್ಲಿ 100ಕ್ಕೆ 42 ಬಂತು. ಸಾಮಾನ್ಯ ವರ್ಗಕ್ಕೆ 40 ಬಂದರೆ ಪಾಸು. ಆದರೆ ಕೊನೆಯ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ಲೆಕ್ಕ. ಆ 20ರಲ್ಲಿ ನನ್ನದು 8.4. ಕೆಲಸ ಸಿಗಲಿಲ್ಲ.

ಮರುವರ್ಷ ಮತ್ತೆ ಮುಖ್ಯ ಪರೀಕ್ಷೆ ದಾಟಿದೆ. ಈ ಸಲ ಮೊದಲು ಕೈಗೆತ್ತಿಕೊಂಡದ್ದು ಗೈಡ್ ಅಲ್ಲ, ನಾನೇ ತುಂಬಿದ್ದ ಬಯೋಡೇಟಾ. ಒಂದೊಂದು ಸಾಲಿಗೂ ಏನು ಕೇಳಬಹುದು ಅಂತ ಬರೆಯುತ್ತಾ ಹೋದೆ. ಹವ್ಯಾಸದ ಜಾಗದಲ್ಲಿ ಹಿಂದಿನ ವರ್ಷ "ಪುಸ್ತಕ ಓದುವುದು" ಅಂತ ಹಾಕಿದ್ದೆ. ಇತ್ತೀಚೆಗೆ ಯಾವ ಪುಸ್ತಕ ಓದಿದೆ ಅಂತ ಕೇಳಿಕೊಂಡರೆ ನನಗೇ ನಗು ಬಂತು. ಅದನ್ನು ಹೊಡೆದು ಹಾಕಿ ಜೇನು ಸಾಕಣೆ ಅಂತ ಬರೆದೆ. ಹಿತ್ತಲಲ್ಲಿ ಎರಡು ತುಡುವೆ ಪೆಟ್ಟಿಗೆ ಇವೆ. ಕೇಳಿದರೆ ಅರ್ಧ ಗಂಟೆ ಮಾತಾಡಬಲ್ಲೆ. ಜಿಲ್ಲೆಯ ಹೆಸರಿಗೂ ಒಂದು ಪ್ರಶ್ನೆ ಬರೆದುಕೊಂಡೆ. ಹಳೇ ದಾಖಲೆಗಳಲ್ಲಿ ಇಂಗ್ಲಿಷಿನಲ್ಲಿ ಶಿಮೊಗ ಅಂತ ಇದೆ, 2014ರ ನವೆಂಬರ್ 1ರಿಂದ ಅಲ್ಲೂ ಶಿವಮೊಗ್ಗ ಆಯಿತು. 1969ರಲ್ಲಿ 14 ಬ್ಯಾಂಕ್ ರಾಷ್ಟ್ರೀಕರಣ, 1982ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್, ಬ್ಯಾಂಕುಗಳು ಕೊಡುವ ಸಾಲದಲ್ಲಿ ಕೃಷಿಗೆ ಶೇ 18, ಇಂಥವನ್ನು ಎರಡು ಸಂಜೆಯಲ್ಲಿ ಬಾಯಿಪಾಠ ಮಾಡಿದೆ. ಅದಕ್ಕಿಂತ ಜಾಸ್ತಿ ಸಮಯ ಅದಕ್ಕೆ ಬೇಕಿಲ್ಲ.

ನಿಜವಾದ ತಯಾರಿ ಆದದ್ದು ಮನೆಯ ಜಗುಲಿಯಲ್ಲಿ. 2025ರ ಜನವರಿ, ಅಡಿಕೆ ಸುಲಿಯುವ ಹಂಗಾಮದ ಕೊನೆ. ರಾತ್ರಿ ಊಟ ಆದ ಮೇಲೆ ಆರೇಳು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಒಂದೇ ಬಲ್ಬು, ಸಿಪ್ಪೆಯ ರಾಶಿ, ಕೈಯೆಲ್ಲ ಕರೆ. ನಾನೂ ಒಂದು ಕತ್ತಿ ಹಿಡಿದು ಕೂತು, ರೈತರಿಗೆ ಬೆಳೆ ಸಾಲ ಕೊಡುವ ಕಿಸಾನ್ ಕ್ರೆಡಿಟ್ ಕಾರ್ಡ್ ಅಂದರೆ ಎಂತದು ಅಂತ ಅವರಿಗೆ ಹೇಳಲು ಶುರು ಮಾಡಿದೆ. ಮೊದಲ ರಾತ್ರಿ ಯಾರೂ ಕಿವಿಗೊಡಲಿಲ್ಲ. ನಾನು ಗೈಡಿನ ಭಾಷೆಯಲ್ಲಿ ಮಾತಾಡುತ್ತಿದ್ದೆ. ಎರಡನೇ ರಾತ್ರಿ ಬಡ್ಡಿಯಿಂದ ಶುರು ಮಾಡಿದೆ: ಮೂರು ಲಕ್ಷದವರೆಗೆ ಶೇ 7, ಸರಿಯಾದ ಸಮಯಕ್ಕೆ ಕಟ್ಟಿದರೆ ಅದರಲ್ಲಿ ಶೇ 3 ಬಿಡುತ್ತಾರೆ, ನಿಮಗೆ ಬೀಳುವುದು 4. ಕತ್ತಿಗಳು ನಿಂತವು.

"ತಡ ಆದ್ರೆ?"

"ಆ ಮೂರು ಹೋಯ್ತು."

"ಅಡವು ಇಡ್ಬೇಕಾ?"

"ಎರಡು ಲಕ್ಷದವರೆಗೆ ಬೇಡ. ಮೊದಲು 1.60 ಇತ್ತು, ಈ ತಿಂಗಳು 1ನೇ ತಾರೀಕಿನಿಂದ ಜಾಸ್ತಿ ಮಾಡಿದಾರೆ."

"ಬಾಯಿ ಮಾತಿನ ಗೇಣಿಗೆ ಗದ್ದೆ ಮಾಡೋರಿಗೂ ಕೊಡ್ತಾರಾ?" ಅಂತ ಮೂಲೆಯಲ್ಲಿದ್ದ ಅಜ್ಜಿ ಕೇಳಿದರು. ನಿಯಮದಲ್ಲಿ ಕೊಡಬಹುದು ಅಂತಿದೆ ಅಂದೆ. "ಹಂಗಾದ್ರೆ ಪಹಣಿ ತಾ ಅಂತಾರಲ್ಲ ಮಾರಾಯ, ಎಂತಕ್ಕೆ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಬೈಕ್ ಹತ್ತಿ, ಬ್ಯಾಂಕಿನಿಂದ ನಿವೃತ್ತರಾದ ಪರಿಚಯದವರೊಬ್ಬರ ಮನೆಗೆ ಹೋದೆ. ಹೆಸರಲ್ಲಿ ಜಮೀನಿಲ್ಲದವರಿಗೆ ಕಾಗದ ತೋರಿಸುವುದು ಕಷ್ಟ, ಅದಕ್ಕೇ 4ರಿಂದ 10 ಜನ ಸೇರಿ ಒಬ್ಬರಿಗೊಬ್ಬರು ಹೊಣೆಯಾಗುವ ಜಂಟಿ ಬಾಧ್ಯತಾ ಗುಂಪು ಮಾಡಿಸುವುದು ಅಂತ ಅವರು ವಿವರಿಸಿದರು. ಗೈಡಿನಲ್ಲಿ ಈ ಗುಂಪಿನ ಬಗ್ಗೆ ಒಂದು ಸಾಲು ಓದಿದ್ದೆ. ಯಾಕೆ ಬೇಕು ಅಂತ ಗೊತ್ತಾದದ್ದು ಅಜ್ಜಿ ಕೇಳಿದ ಮೇಲೆ.

ಹೀಗೆ ಹನ್ನೆರಡು ರಾತ್ರಿ. ಕನ್ನಡದಲ್ಲಿ ಸಲೀಸಾದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಾಲ್ಕು ನಿಮಿಷದಲ್ಲಿ ಹದಿನೇಳು ಸಲ "ಆಕ್ಚುಲಿ" ಅಂದಿದ್ದೆ. ಕೇಳಿಸಿಕೊಳ್ಳುವುದು ದೊಡ್ಡ ಹಿಂಸೆ, ಆದರೆ ಮೂರನೇ ದಿನಕ್ಕೆ ಅದು ನಾಲ್ಕಕ್ಕೆ ಇಳಿಯಿತು.

ಕಾಗದಪತ್ರದ ಮಾತು ಒಂದಿದೆ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು. ಮೊದಲ ವರ್ಷ ದಾಖಲೆ ನೋಡುವ ಮೇಜಿನಲ್ಲಿ ಇದಕ್ಕೇ ನನ್ನನ್ನು ಅರ್ಧ ಗಂಟೆ ನಿಲ್ಲಿಸಿದ್ದರು. ಒಳಗೆ ಹೋಗುವಷ್ಟರಲ್ಲಿ ಶರ್ಟು ಬೆವರಿನಲ್ಲಿ ಒದ್ದೆ. ಈ ಸಲ ಮೊದಲೇ ಅಫಿಡವಿಟ್ ಮಾಡಿಸಿ ಇಟ್ಟುಕೊಂಡೆ. ರಾತ್ರಿ ಬಸ್ಸಿನಲ್ಲಿ ಹೋಗಿ ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು ಸಂದರ್ಶನಕ್ಕೆ ಓಡುವ ಸಾಹಸವನ್ನೂ ಬಿಟ್ಟೆ. ಹಿಂದಿನ ದಿನವೇ ಶಿವಮೊಗ್ಗದಿಂದ ರೈಲಿನಲ್ಲಿ ಹೋಗಿ, ಸಂಜೆ ಆ ಕಟ್ಟಡ ನೋಡಿಕೊಂಡು ಬಂದೆ.

ಎರಡನೇ ಸಲ ಮೈಲುತುತ್ತ ಕೇಳಲಿಲ್ಲ. ಕೇಳಲಿ ಅಂತ ಎಷ್ಟು ಕಾದಿದ್ದೆ! ಬದಲಿಗೆ ಒಬ್ಬರು ಮೇಡಂ, "ರೈತರೊಬ್ಬರು ಬೆಳೆ ಸಾಲದಲ್ಲಿ ಮಗಳ ಮದುವೆ ಮಾಡ್ತೀನಿ ಅಂತಾರೆ. ಏನು ಹೇಳ್ತೀರಿ?" ಅಂದರು. ಬೆಳೆಯ ಖರ್ಚಿನ ಮೇಲೆ ಶೇ 10 ಮನೆ ಖರ್ಚಿಗೆ ಅಂತಲೇ ಸಾಲದ ಮಿತಿಯಲ್ಲಿ ಸೇರಿರುತ್ತದೆ, ಎರಡು ಲಕ್ಷಕ್ಕೆ ಇಪ್ಪತ್ತು ಸಾವಿರ, ಅಷ್ಟು ಬಳಸಲಿ ಅಂದೆ. ಉಳಿದದ್ದನ್ನು ಮದುವೆಗೆ ಹಾಕಿದರೆ ಗೊಬ್ಬರ, ಔಷಧಿಗೆ ಕೈಸಾಲ ಮಾಡಬೇಕಾಗುತ್ತದೆ, ಆ ಬಡ್ಡಿ ಶೇ 4 ಇರುವುದಿಲ್ಲ ಅಂದೆ. ಅವರು ಬಿಡಲಿಲ್ಲ. "ಅದನ್ನ ಅವರಿಗೆ ಹೇಗೆ ಹೇಳ್ತೀರಿ?" ಜಗುಲಿಯಲ್ಲಿ ಹೇಳಿದ ಹಾಗೆಯೇ ಹೇಳಿದೆ, ಇಂಗ್ಲಿಷಿನಲ್ಲಿ. ಮಧ್ಯೆ ಎರಡು ಸಲ ತಡವರಿಸಿದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಏಪ್ರಿಲ್‌ನಲ್ಲಿ ಪಟ್ಟಿ ಬಂತು, ಹೆಸರಿತ್ತು. ಪೋಸ್ಟಿಂಗ್ ಕಲಬುರಗಿ ಜಿಲ್ಲೆಗೆ. ಕಣ್ಣು ಹಾಯಿಸಿದಷ್ಟೂ ತೊಗರಿ, ಒಂದೇ ಒಂದು ಅಡಿಕೆ ಮರ ಇಲ್ಲ. ಮೊದಲ ವಾರವೇ ಒಬ್ಬರು ಒಣಗಿದ ಗಿಡ ಕಿತ್ತು ತಂದು ಮೇಜಿನ ಮೇಲಿಟ್ಟು, "ನೆಟೆ ರೋಗ ಬಂದೈತ್ರಿ, ಏನ್ ಮಾಡ್ಲಿ?" ಅಂದರು. ಪುಸ್ತಕದಲ್ಲಿದ್ದ ಹೆಸರು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಹೊಲ ಎಲ್ಲಿದೆ ಅಂತ ಕೇಳಿ ಬೈಕಿನ ಕೀ ತೆಗೆದುಕೊಂಡೆ.