ಮಂಡ್ಯ ಬೆಲ್ಲದಲ್ಲೂ ಅಶೋಕಾರಿಷ್ಟ ಆಗುತ್ತೆ: ನನ್ನ ಅನುಭವ

ಅಶೋಕಾರಿಷ್ಟ ಅಂದ್ರೆ ಅಶೋಕದ ತೊಗಟೆ ಕಷಾಯಕ್ಕೆ ಬೆಲ್ಲ ಹಾಕಿ ಹುದುಗಿಸಿ ಮಾಡೋ, ಮುಟ್ಟಲ್ಲಿ ಅತಿಯಾಗಿ ಹೋಗೋರಿಗೆ ಕೊಡೋ ಆಯುರ್ವೇದ ಔಷಧಿ. ಮಂಡ್ಯ ಬೆಲ್ಲ ಹಾಕಿದ್ರೆ ಅರಿಷ್ಟ ಹುಳಿಯಾಗುತ್ತೆ ಹೊರತು ಸಂಧಾನ (ಹುದುಗು ಬರೋದು) ಆಗಲ್ಲ ಅಂತ ನನಗೆ ಹೇಳದೇ ಇರೋ ವೈದ್ಯರೇ ಇಲ್ಲ. ಯೀಸ್ಟ್ ಹಾಕು ಅಂದ್ರು, ಸಕ್ಕರೆ ಬೆರೆಸು ಅಂದ್ರು, ಕಂಪನಿ ಬಾಟಲಿ ತರಿಸಿ ಕೊಟ್ಟು ಸುಮ್ನಿರಪ್ಪ ಅಂದ್ರು. ಈಗ ಕೆಲವು ವರ್ಷದಿಂದ ನನ್ನ ಪೇಷಂಟ್‌ಗಳಿಗೆ ಬೇಕಾದಷ್ಟು ಅಶೋಕಾರಿಷ್ಟ ಕ್ಲಿನಿಕ್ ಹಿಂದಿನ ರೂಮಲ್ಲಿ ನಾನೇ ಮಾಡ್ಕೊತಿದೀನಿ, ಯೀಸ್ಟ್ ಒಂದು ಚಿಟಿಕೆನೂ ಇಲ್ಲ, ಬೆಲ್ಲ ಪೂರ್ತಿ ಇಲ್ಲೀದೇ. (ಸ್ವಂತ ಪೇಷಂಟ್‌ಗೆ ಅಂತ ಮಾಡಿದ್ರೆ ಲೈಸೆನ್ಸ್ ಬೇಡ, ಅಂಗಡಿಗೆ ಕೊಟ್ರೆ ಬೇಕು, ಗೊತ್ತಿರೋದೇ.)

ಪಾಠ (ಮಾಡೋ ಅಳತೆ, ಕ್ರಮ) ಭೈಷಜ್ಯ ರತ್ನಾವಳಿ ಅನ್ನೋ ಆಯುರ್ವೇದ ಗ್ರಂಥದ್ದೇ, ಏನೂ ಬದಲಾಯಿಸಿಲ್ಲ. 4.8 ಕೆಜಿ ತೊಗಟೆ, 49 ಲೀಟರ್ ನೀರು ಕಾಲು ಭಾಗಕ್ಕೆ ಇಳಿಸೋದು, ಬೆಲ್ಲ 9.6 ಕೆಜಿ, ಹುದುಗು ಏಳಿಸೋ ಧಾತಕಿ ಹೂ 768 ಗ್ರಾಂ, ಪ್ರಕ್ಷೇಪ ದ್ರವ್ಯ (ಮೇಲಿಂದ ಸೇರಿಸೋ ಮದ್ದಿನ ಪುಡಿಗಳು) ತಲಾ 48 ಗ್ರಾಂ. ನಾನು ಇದರ ಡಬಲ್ ಹಾಕ್ತೀನಿ. ಲೆಕ್ಕ ನೋಡಿ, ತೊಗಟೆಯ ಎರಡರಷ್ಟು ಬೆಲ್ಲ! ಆದ್ರೂ ನಾವೆಲ್ಲ ತಲೆ ಕೆಡಿಸ್ಕೊಳೋದು ತೊಗಟೆಗೆ, ಬೆಲ್ಲ ಮಾತ್ರ ಎದುರಿಗಿರೋ ಅಂಗಡಿಯಿಂದ ಬರುತ್ತೆ.

ಹಾಗಂತ ತೊಗಟೆ ಬಿಡೋ ಹಾಗೂ ಇಲ್ಲ. ಕಾಂಪೌಂಡ್ ಪಕ್ಕ ಕಂಬದ ಥರ ಬೆಳೆಯೋ ಮರದ ತೊಗಟೇನೂ ಅಶೋಕ ಅಂತ ಮಾರ್ತಾರೆ. ಮೂಟೆಯ ತಳದಿಂದ ಕೈ ಹಾಕಿ ನಾಲ್ಕೈದು ಚೂರು ಎತ್ತಿ ಮುರಿದು ನೋಡಿ. ನಿಜವಾದ ಅಶೋಕ, ಅಂದ್ರೆ ಸೀತಾ ಅಶೋಕ ಆದ್ರೆ ಒಳಮೈ ಕೆಂಪು ಮಿಶ್ರಿತ ಕಂದು, ಮುರಿದಾಗ ಸಿಬಿರು ಸಿಬಿರಾಗಿ ಬರುತ್ತೆ, ಕಚ್ಚಿದ್ರೆ ನಾಲಗೆ ಒಗರಿಗೆ ಹಿಡ್ಕೊಳುತ್ತೆ. ಒಗರಿಲ್ಲದ ಮೂಟೆ ಎಷ್ಟು ಕಮ್ಮಿಗೆ ಕೊಟ್ರೂ ನಾನು ತಗೊಳಲ್ಲ.

ಈಗ ಬೆಲ್ಲ. ಹೊನ್ನಿನ ಬಣ್ಣದ ಅಚ್ಚು ಬೆಲ್ಲ ಹಾಕಿದ ಬ್ಯಾಚ್‌ಗಳೆಲ್ಲ ಒಂದೇ ಥರ ಹೋದ್ವು. ವಾರ ಕಳೆದ್ರೂ ಜಾಡಿಗೆ ಕಿವಿ ಇಟ್ರೆ ಸದ್ದಿಲ್ಲ, ಆಮೇಲೆ ಮೇಲೆ ಬಿಳೀ ಪೊರೆ, ಮುಚ್ಚಳ ತೆಗೆದ್ರೆ ಮೂಗಿಗೆ ಹೊಡೆಯೋ ಹುಳಿ ವಾಸನೆ, ಪಕ್ಕಾ ಶುಕ್ತ, ಅಂದ್ರೆ ವಿನಿಗರ್ ಥರ ಹುಳಿದಿದ್ದು. ಒಂದು ಬ್ಯಾಚ್ ಚೆಲ್ಲಿದ್ರೆ ಆರೂವರೆ ಸಾವಿರದ ಹತ್ರ ಮೋರಿಗೆ, ಶ್ರೀಗಂಧ ಬೇರೆ ಹಾಕಿರ್ತೀವಲ್ಲ. ನೀರು ಬದಲಾಯಿಸಿದೆ, ಧಾತಕಿ ಬದಲಾಯಿಸಿದೆ, ಜಾಡಿನೂ ಹೊಸದು ತಂದೆ, ಉಹೂಂ. ಕೊನೆಗೆ ಪಾಂಡವಪುರ ಕಡೆ ಒಂದು ಆಲೆಮನೇಲಿ ನಿಂತು ನೋಡಿದ ಮೇಲೆ ಗೊತ್ತಾಯ್ತು, ಪಾಕ ಏರುವಾಗ ಬಣ್ಣಕ್ಕೆ ಅಂತ ಹೈಡ್ರೋಸ್ ಹಾಕ್ತಾರೆ. ಅದು ಗಂಧಕ ಸೇರಿರೋ ರಾಸಾಯನಿಕ ಪುಡಿ ಕಣ್ರೀ, ವೈನ್ ಮಾಡೋರು ಹುದುಗು ತಡೆಯೋಕೆ ಬಳಸೋದೂ ಅದೇ ಜಾತಿದು. ಬೆಲ್ಲದಲ್ಲಿ ಅದು ಉಳಿದಿದ್ರೆ ಧಾತಕಿ ಹೂವಿನ ಜೊತೆ ಬರೋ ಹುದುಗು ಎಲ್ಲಿಂದ ಏಳಬೇಕು?

ಹೈಡ್ರೋಸ್ ಇಲ್ಲದೆ, ಬೆಂಡೆಗಿಡದ ಲೋಳೆ, ಸ್ವಲ್ಪ ಸುಣ್ಣ ಅಷ್ಟರಲ್ಲೇ ಇಳಿಸಿಕೊಡಿ ಅಂತ ಆಲೆಮನೆಯವರಿಗೆ ಅಂದೆ. "ಕಪ್ಪು ಬೆಲ್ಲ ಯಾರ್ ತಗತಾರೆ ಡಾಕ್ಟ್ರೇ, ಮಾಡ್ಕೊಡ್ತೀನಿ, ಆದ್ರೆ ಕೊಪ್ಪರಿಗೆ ಪೂರ್ತಿ ನೀವೇ ಎತ್ಕಬೇಕು" ಅಂದ್ರು. ನೂರು ಕೆಜಿ ಮೇಲೆ! ಮಾಮೂಲಿ ಬೆಲ್ಲಕ್ಕಿಂತ ಕೆಜಿಗೆ ಇಪ್ಪತ್ತೈದು ಮೂವತ್ತು ಜಾಸ್ತಿ ಕೊಟ್ಟು ಎತ್ಕೊಂಡೆ, ಮನೇಲಿ ಬೈದ್ರು. ಆದ್ರೆ ಹಳೇ ಬೆಲ್ಲವೇ ಔಷಧಿಗೆ ಒಳ್ಳೇದು ಅನ್ನೋದು ಶಾಸ್ತ್ರದಲ್ಲೇ ಇದೆ, ವರ್ಷ ಇಟ್ಟು ಬಳಸಿದ್ರೆ ನಷ್ಟ ಏನಿಲ್ಲ, ಮಳೆಗಾಲದಲ್ಲಿ ನೀರೊಡೆಯದ ಹಾಗೆ ಗಾಳಿ ಹೋಗದಂತೆ ಕಟ್ಟಿಡಬೇಕು ಅಷ್ಟೇ.

ಮೊದಲ ಜಾಡಿಗೆ ಮೂರನೇ ದಿನವೇ ಸುಯ್ ಅಂತ ಸದ್ದು ಬಂತು. ಉರಿಯೋ ಕಡ್ಡಿ ಜಾಡಿ ಬಾಯಿಗೆ ಹಿಡಿದ ತಕ್ಷಣ ಹುದುಗಿನ ಗ್ಯಾಸ್‌ಗೆ ಆರೋಯ್ತು. ತಿಂಗಳ ಮೇಲೆ ಕಡ್ಡಿ ಆರದೆ ಉರಿಯಿತು, ಹೂವೆಲ್ಲ ತಳಕ್ಕೆ ಕೂತಿತ್ತು, ಸೋಸಿದ್ರೆ ಕೆಂಪು ಕಂದು ಬಣ್ಣ, ಬಾಯಿಗೆ ಮೊದಲು ಸಿಹಿ ಆಮೇಲೆ ಒಗರು. ಧನುರ್ಮಾಸದ ಚಳೀಲಿ ನಿಧಾನ ಆಗುತ್ತೆ, ಆಗ ಜಾಡಿನ ಭತ್ತದ ರಾಶಿಯಲ್ಲಿ ಹುಗೀತೀನಿ. ಜಾಡಿಗೆ ಕೊಡೋ ಧೂಪದಲ್ಲಿ ಏನೇನಿದೆ, ಧಾತಕಿ ಯಾವ ಹದದಲ್ಲಿ ಹಾಕ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಬಂದು ನೋಡೋರಿಗೆ ತೋರಿಸ್ತೀನಿ.

ಮಧ್ಯದಲ್ಲಿ ತಾಟಿಬೆಲ್ಲನೂ (ತಾಳೆಮರದ ಬೆಲ್ಲ) ಹಾಕಿ ನೋಡಿದೆ. ಸಂಧಾನ ಬೇಗ ಆಯ್ತು, ಖರ್ಚು ಜಾಸ್ತಿ, ಪೇಷಂಟ್‌ಗಳಿಗೆ ವಾಸನೆ ಹಿಡಿಸ್ಲಿಲ್ಲ. ಮೈಸೂರಿನ ಸ್ನೇಹಿತರ ಮನೆ ಅಶೋಕ ಫೆಬ್ರವರಿ ಮಾರ್ಚಲ್ಲಿ ಕೊಂಬೆ ಮೇಲೆಲ್ಲ ಗೊಂಚಲು ಬಿಡುತ್ತೆ, ಆ ಹೂವೂ ಒಂದು ಹಿಡಿ ಹಾಕಿದ್ದೆ, ಸಂಧಾನಕ್ಕೆ ಏನೂ ಸಹಾಯ ಆಗ್ಲಿಲ್ಲ.

ಡಬಲ್ ಬ್ಯಾಚ್‌ಗೆ ಸುಮಾರು ಮೂವತ್ತು ಲೀಟರ್ ಸಿಗುತ್ತೆ, 450 ಎಂಎಲ್ ಬಾಟಲಿ ಖಾಲಿ ಸೀಸೆ ಸೇರಿ ನೂರಿಪ್ಪತ್ತರ ಆಸುಪಾಸು ಬೀಳುತ್ತೆ. ಈ ಸಲದ ಕೊಪ್ಪರಿಗೆಗೆ ಇನ್ನಿಬ್ಬರು ವೈದ್ಯರು ಪಾಲು ಹಾಕಿದಾರೆ.

ಮುಟ್ಟಲ್ಲಿ ಅತಿಯಾಗಿ ಹೋಗೋರಿಗೆ ಊಟ ಆದ್ಮೇಲೆ 15ರಿಂದ 20 ಎಂಎಲ್, ಅಷ್ಟೇ ನೀರು ಬೆರೆಸಿ. ಸ್ಕ್ಯಾನ್, ಹಿಮೋಗ್ಲೋಬಿನ್ ನೋಡದೆ ಶುರು ಮಾಡಲ್ಲ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡವರನ್ನ ನೇರ ಗೈನಕಾಲಜಿಸ್ಟ್ ಹತ್ರ ಕಳಿಸ್ತೀನಿ, ಬಸುರಿಯರಿಗೆ ಕೊಡೋದೇ ಇಲ್ಲ. ಶುಗರ್ ಇರೋರಿಗೂ ಇಷ್ಟು ಬೆಲ್ಲದ ಔಷಧಿ ಬೇಡ, ಅವರಿಗೆ ಅದೇ ತೊಗಟೆ ಹಾಲಲ್ಲಿ ಕುದಿಸಿ ಕ್ಷೀರಪಾಕ ಮಾಡ್ಕೊಳಿ ಅಂತ ಚೂರು ಕಟ್ಟಿ ಕೊಡ್ತೀನಿ.